ಪವಿತ್ರಾಳ ಲ್ಯಾಪ್‌ಟಾಪಿನೊಳಗಿನ ಆನೆ

ನಮ್ಮ ಬಾಳೂರು ಕಡೆ ಪವಿತ್ರಾಳ ಹೆಸರೆತ್ತಿದರೆ ಜನಕ್ಕೆ ಮೊದಲು ನೆನಪಾಗುವುದು ಆನೆ. ಆಕೆ ಆನೆ ಸಾಕಿದವಳಲ್ಲ, ಓಡಿಸಿದವಳೂ ಅಲ್ಲ. ಮನೆಯ ಎರಡೆಕರೆ ಕಾಫಿ ನೋಡಿಕೊಂಡು ಊರಿಗೊಂದು ವಿಕಿ ಕಟ್ಟಿಕೊಟ್ಟವಳು. ವಿಕಿ ಎಂದರೆ ಊರಿನವರು ಯಾರು ಬೇಕಾದರೂ ಬರೆದು ತಿದ್ದಬಹುದಾದ ಜಾಲತಾಣ. ಅದರಲ್ಲಿ ಒಂದೊಂದು ರಸ್ತೆಗೂ ಒಂದೊಂದು ಪುಟ. ಪುಟದಲ್ಲಿ 'ಆನೆ ಇದೆ' ಎಂದು ಬರೆದ ಕೂಡಲೇ ಮುನ್ನೂರು ಚಿಲ್ಲರೆ ಜನರ ಫೋನಿಗೆ ಮೆಸೇಜು ಹೋಗುತ್ತದೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ-ಲೆಕ್ಕ ಬರೆಯುವ ರೈಟರ್ ಆದ ನಾನು ಮೊದಮೊದಲು ನಕ್ಕಿದ್ದೆ. ಆಮೇಲೆ ಆ ಪುಟ ನೋಡದೆ ಒಂದು ಬೆಳಿಗ್ಗೆಯೂ ಅಂಗಳ ದಾಟಲಿಲ್ಲ.

ಹುಡುಗಿ ಬಲು ಅಚ್ಚುಕಟ್ಟು. ಪ್ರತಿ ಭಾನುವಾರ ಇಡೀ ವಿಕಿಯ ಬ್ಯಾಕಪ್ ತೆಗೆದಿಡುತ್ತಿದ್ದಳು. ಹೊಸದೇನಾದರೂ ಮಾಡುವುದಿದ್ದರೆ ಅದೇ ಬ್ಯಾಕಪ್ಪನ್ನು ಲ್ಯಾಪ್‌ಟಾಪಿಗೆ ಹಾಕಿ, ಥೇಟ್ ಅಸಲಿನಂಥದೇ ಇನ್ನೊಂದು ವಿಕಿ ಮಾಡಿಕೊಂಡು ಅದರಲ್ಲಿ ಪ್ರಯೋಗ ನಡೆಸುತ್ತಿದ್ದಳು. ಹೊಸ ಔಷಧಿಯನ್ನು ತೋಟಕ್ಕೆಲ್ಲ ಹೊಡೆಯುವ ಮೊದಲು ಒಂದು ಸಾಲಿಗೆ ಹೊಡೆದು ನೋಡುತ್ತೇವಲ್ಲ, ಹಾಗೆ. ಆದರೆ ಆ ನಕಲಿನೊಳಗೆ ಜನರ ಫೋನ್ ನಂಬರುಗಳೂ ಬಂದುಬಿಡುತ್ತವೆ; ಅಳಿಸದಿದ್ದರೆ ನಕಲಿನಲ್ಲಿ ಬರೆದದ್ದೂ ಎಲ್ಲರ ಫೋನಿಗೆ ನಿಜದ ಮೆಸೇಜಾಗಿ ಹೋಗುತ್ತದೆ. ಅದಕ್ಕೇ ಮೇಜಿನ ಎದುರು ಗೋಡೆಗೆ ಚೀಟಿ ಅಂಟಿಸಿಕೊಂಡಿದ್ದಳು: 'ಮೊದಲು ನಂಬರ್ ಅಳಿಸು.'

ಅದು ಜನವರಿ, ಕಾಫಿ ಕುಯ್ಲಿನ ಕಾಲ. ಎರಡು ದಿನ ಇಲ್ಲದಿದ್ದ ಕರೆಂಟು ಸೋಮವಾರ ಬೆಳಿಗ್ಗೆ ಏಳಕ್ಕೆ ಬಂತು. ಮತ್ತೆ ಯಾವಾಗ ಹೋಗುತ್ತದೋ ಎಂಬ ಗಡಿಬಿಡಿಯಲ್ಲಿ ಪವಿತ್ರಾ ನಕಲು ವಿಕಿ ತೆರೆದಳು, ಚೀಟಿಯ ಕಡೆ ನೋಡಲಿಲ್ಲ. ಹೊಸ ಬಟನ್ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು 'ಮೇಲಿನ ರಸ್ತೆ: ಆನೆ ಇದೆ' ಎಂದು ಬರೆದು ಒತ್ತಿದಳು.

ನಮ್ಮ ತೋಟಕ್ಕೆ ಆಳುಗಳ ಜೀಪು ಬರಲು ಇರುವುದು ಎರಡೇ ದಾರಿ. ಒಂದು ಮೇಲಿನದು, ಇನ್ನೊಂದು ಹಳ್ಳದ ಪಕ್ಕದ ಕೆಳಗಿನದು. ಕೆಳಗಿನ ದಾರಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ.

ಏಳೂವರೆಗೆ ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದೆ. ಮೆಸೇಜು ನನಗೂ ಬಂದಿತ್ತು. ಹಾಗಾದರೆ ಜೀಪು ಕೆಳಗಿನಿಂದ ಬರುತ್ತದೆ ಎಂದುಕೊಂಡು ಹಳ್ಳದ ಕಡೆ ನೋಡಿದೆ. ತಿರುವಿನಲ್ಲಿ ಬಿದಿರು ಅಲ್ಲಾಡುತ್ತಿತ್ತು. ಗಾಳಿ ಇರಲಿಲ್ಲ. ಆಮೇಲೆ ಬೆನ್ನು ಕಂಡಿತು, ಒಂಟಿ ಸಲಗ. ಪವಿತ್ರಾಳಿಗೆ ಫೋನ್ ಮಾಡಿದೆ.

"ಕೆಳಗೂ ಆನೆ, ಮೇಲೂ ಆನೆ. ಎಂತ ಮಾರಾಯ್ತಿ ಇದು? ಮೇಲಿಂದು ನೋಡಿದ್ದು ಯಾರು?"

"ಮೇಲೆ ಆನೆ ಇಲ್ಲ ರೇವಣ್ಣ ಮಾವ. ಅದು ನನ್ನ ಲ್ಯಾಪ್‌ಟಾಪಲ್ಲಿ, ಸುಮ್ನೆ ಟೆಸ್ಟಿಗೆ..." ಮಾತು ಅಲ್ಲಿಗೇ ನಿಂತಿತು. ಚೀಟಿ ಕಣ್ಣಿಗೆ ಬಿದ್ದಿರಬೇಕು. "ಮಾವ, ಅಮ್ಮ ಜೀಪಲ್ಲಿದಾರೆ."

ಅವಳ ಅಮ್ಮ ಕೃಷ್ಣಮ್ಮ ಕುಯ್ಲಿನ ದಿನಗಳಲ್ಲಿ ನಮ್ಮಲ್ಲಿ ಹೆಂಗಸಾಳುಗಳ ಮೇಸ್ತ್ರಿ. ಡ್ರೈವರ್ ದೇವರಾಜನ ಜೀಪಿನಲ್ಲಿ ಅವರ ಜೊತೆ ಹನ್ನೊಂದು ಜನ ಹೆಂಗಸರು. ದೇವರಾಜನಿಗೆ ಫೋನ್ ಹಚ್ಚಿದೆ, ಸಿಗಲಿಲ್ಲ. ಓಡಿ ಹೋಗಿ ತಡೆಯುವಷ್ಟು ಹೊತ್ತೂ ಇರಲಿಲ್ಲ.

ರೈಟರ್ ಆಫೀಸಿನ ಎದುರು ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದೆ. ಅದೇ ನಮ್ಮ ಗಂಟೆ. ಕೆಲಸ ಶುರುವಿಗೆ ಒಂದೊಂದೇ ಏಟು, ಬಿಡುವುದಕ್ಕೆ ಎರಡೆರಡು. ಬಿಡುವ ಗಂಟೆಯನ್ನು ಬೆಳಿಗ್ಗೆ ಯಾರೂ ಕೇಳಿದವರಿಲ್ಲ. ಕೇಳಿದರೆ ಏನೋ ಆಗಿದೆ ಎಂದು ಕೃಷ್ಣಮ್ಮನಿಗೆ ಗೊತ್ತಾದೀತು. ಸುತ್ತಿಗೆ ಹಿಡಿದೆ, ಕೈ ಏಳಲಿಲ್ಲ. ಸದ್ದಿಗೆ ಬೆದರಿ ಆನೆ ಜೀಪಿನ ಕಡೆಗೇ ನುಗ್ಗಿದರೆ? ಹೊಡೆಯದಿದ್ದರೆ ಜೀಪೇ ಅದರ ಎದುರಿಗೆ ಹೋಗುತ್ತದೆ. ದೇವರ ಮೇಲೆ ಭಾರ ಹಾಕಿ ಹೊಡೆದೆ. ಎರಡು, ಮತ್ತೆ ಎರಡು. ಎಷ್ಟು ಹೊಡೆದೆನೋ ಲೆಕ್ಕವಿಲ್ಲ. ಏಟಿನ ನಡುವೆ ಹೆಂಗಸರ ಚೀರಾಟ ಕೇಳುತ್ತದೇನೋ ಎಂದು ಕಿವಿ ಕೊಡುತ್ತಿದ್ದೆ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ.

ಎಂಟೂಕಾಲಿಗೆ ಜೀಪು ಮೇಲಿನ ರಸ್ತೆಯಿಂದ ಬಂತು. ಗಂಟೆ ಕೇಳಿದ್ದೇ ಕೃಷ್ಣಮ್ಮ "ನಿಲ್ಸು" ಎಂದಿದ್ದರಂತೆ. ನಿಂತ ಜಾಗದಿಂದ ಒಂದೇ ತಿರುವಿನ ಆಚೆ ಸಲಗ ರಸ್ತೆಗೆ ಇಳಿಯಿತಂತೆ. ದೇವರಾಜ ಫರ್ಲಾಂಗು ದೂರ ಹಿಂದು ಹಿಂದಕ್ಕೇ ಜೀಪು ಬಿಟ್ಟು ದಾರಿ ಬದಲಿಸಿದ್ದ. ಈಗ ಇಳಿಯಲೂ ಆಗದೆ ಸ್ಟೇರಿಂಗ್ ಹಿಡಿದೇ ಕೂತಿದ್ದ.

ಅಷ್ಟರಲ್ಲಿ ಪವಿತ್ರಾ ಸ್ಕೂಟಿಯಲ್ಲಿ ಬಂದಿದ್ದಳು. ತಪ್ಪನ್ನು ತಾನೇ ಹೇಳಿಕೊಂಡಳು. ಕೃಷ್ಣಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ದೇವರಾಜ ಮೇಲಿಂದ್ಲೇ ಹೋಗಾಣ, ಆನೆಗೀನೆ ಎಂತದೂ ಇರಲ್ಲ ಅಂದ ಮಗಾ," ಎಂದರು. "ನಾನೇ ಬೇಡ ಅಂದೆ. ನನ್ ಮಗಳ ವಿಕೀಲಿ ಸುಳ್ಳು ಬರಲ್ಲ ಅಂದೆ."

ವಿಕಿ ಈಗಲೂ ನಡೆಯುತ್ತಿದೆ. ಅವಳ ನಕಲಿನಲ್ಲಿ ಈಗಿರುವುದು ಒಂದೇ ನಂಬರು, ಅವಳದ್ದು. ಮೊನ್ನೆ ಅವರ ಮನೆಗೆ ಹೋದಾಗ ಏನೋ ಪ್ರಯೋಗ ನಡೆದಿತ್ತು. ಬರೆದವಳೂ ಅವಳೇ, ಒತ್ತಿದವಳೂ ಅವಳೇ. ಪಕ್ಕದಲ್ಲಿದ್ದ ಅವಳ ಫೋನು ಸದ್ದು ಮಾಡಿತು: 'ಮೇಲಿನ ರಸ್ತೆ: ಆನೆ ಇದೆ.' ಎದ್ದು ಅಡುಗೆಮನೆಗೆ ಹೋದಳು. ಕೃಷ್ಣಮ್ಮ ಒಲೆಯ ಮುಂದೆ ಇದ್ದಾರೆಂದು ನೋಡಿಕೊಂಡ ಮೇಲೆಯೇ ಬಂದು ಕೂತಳು.