ರಸ್ತೆಯಂಚಿನ ಹಾಸು

ಚಳ್ಳಕೆರೆಯ ಹಳೆಯ ರಸ್ತೆಯೊಂದರಲ್ಲಿ ಸಣ್ಣತಿಮ್ಮಪ್ಪ ಕಂಬಳಿ ನೇಯುತ್ತಿದ್ದನು. ಕಂಡದ್ದನ್ನೆಲ್ಲ ಕೇಳಿ ತಿಳಿಯದಿದ್ದರೆ ಅವನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಲಾರಿಯವನು ಚಕ್ರ ಬಿಚ್ಚಿದರೆ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂರುವನು. ಎಣ್ಣೆ ಗಿರಣಿಯ ಹಿಂಡಿ ಯಾವ ಊರಿನ ಎಮ್ಮೆಗೆ ಹೋಗುತ್ತದೆಂದು ಹಮಾಲರನ್ನು ಕಾಡುವನು.

"ನಿನ್ನ ಬಾಯಿಗೆ ಒಂದು ಲಾಳಿ ಸಿಗಿಸಿದ್ರೆ ದಿನಕ್ಕೊಂದು ಕಂಬಳಿ ಆಗ್ತಿತ್ತು ನೋಡು" ಎಂದು ಹೆಂಡತಿ ನಿಂಗಕ್ಕ ರಾಟೆ ತಿರುಗಿಸುತ್ತ ಹಂಗಿಸುವಳು.

ರಸ್ತೆಯೋ ಬಲು ಇಕ್ಕಟ್ಟು. ಎದುರುಬದುರು ಎರಡು ಬಸ್ಸು ಬಂದರೆ ಊರೇ ನಿಲ್ಲುತ್ತಿತ್ತು. ಆದರೆ ಬೆಳಗಿನ ಮೊದಲ ಬಸ್ಸು ಬರುವವರೆಗೆ ಅದು ನೇಕಾರರದು. ಮಗ್ಗಕ್ಕೆ ಏರಿಸುವ ಮುಂಚೆ ಉದ್ದನೆಯ ನೂಲನ್ನೆಲ್ಲ ಬೀದಿಯುದ್ದಕ್ಕೂ ಬಿಗಿದು, ಹುಣಸೆ ಬೀಜದ ಗಂಜಿ ಬಳಿದು ಒಣಗಿಸಬೇಕು. ಹಾಗೆ ಬಿಗಿದ ನೂಲೇ ಹಾಸು. ಗಂಜಿ ಕಾಣದ ಉಣ್ಣೆಯ ನೂಲು ಮಗ್ಗದಲ್ಲಿ ಎಳೆಎಳೆಯಾಗಿ ಹರಿದುಹೋಗುತ್ತದೆ. ಮನೆಯೊಳಗೆ ಅಷ್ಟು ಉದ್ದದ ಜಾಗವೆಲ್ಲಿಯದು?

ತೊಂಬತ್ತೆಂಟರ ಬೇಸಿಗೆಯಲ್ಲಿ ಆ ರಸ್ತೆಯನ್ನು ಅಗಲ ಮಾಡಿ, ಅಂಚಿಗೆ ಚರಂಡಿ ಕಟ್ಟಿ, ಹೊಸದಾಗಿ ಡಾಂಬರು ಹಾಕುವರೆಂಬ ಸುದ್ದಿ ಬಂತು. ಇನ್ನು ಹಗಲೂ ರಾತ್ರಿಯೂ ಲಾರಿ ಓಡುತ್ತವೆ ಎಂದು ಎಲ್ಲರೂ ಹಿಗ್ಗಿದರು. ಸಣ್ಣತಿಮ್ಮಪ್ಪ ಮಾತ್ರ ಮಂಕಾದನು. ಬೀದಿ ಹೋದರೆ ಹಾಸು ಹೋಯಿತು, ಹಾಸು ಹೋದರೆ ಮಗ್ಗ ನಿಂತಿತು.

ಒಂದು ಮುಂಜಾನೆ ಬಾಗಿಲು ತೆರೆದರೆ ರಸ್ತೆಯಂಚಿಗೆ ಸುಣ್ಣದ ಗೆರೆ, ಗೆರೆಯ ಮೇಲೆ ಅಲ್ಲಲ್ಲಿ ಗೂಟಗಳು. ಒಂದನ್ನು ಅಲ್ಲಾಡಿಸಿ ನೋಡಿದನು, ಜಪ್ಪಯ್ಯ ಅನ್ನಲಿಲ್ಲ. "ಎಷ್ಟು ಚೆಂದ ಹೊಡೆದವ್ರೆ, ಲೇ ನಿಂಗಿ" ಎಂದು ಮೆಚ್ಚಿ, ತನ್ನ ಹಾಸನ್ನು ಅವಕ್ಕೇ ಬಿಗಿದನು. ಇಬ್ಬರೂ ಆಚೀಚೆ ನಡೆದು ಗಂಜಿ ಬಳಿಯುವಷ್ಟರಲ್ಲಿ ಸುಣ್ಣವೆಲ್ಲ ಕಾಲಿಗೆ ಹತ್ತಿತು.

ಅಷ್ಟು ಹೊತ್ತಿಗೆ ಅಗೆಯುವ ಆಳುಗಳೊಂದಿಗೆ ಇಂಜಿನಿಯರು ಚಂದ್ರಶೇಖರ್ ಬಂದರು.

"ಗೆರೆ ಎಲ್ಲಪ್ಪಾ?"

"ಹಾಸಿನ ಕೆಳಗೈತೆ ಸಾಮಿ. ಅಂದ್ರೆ, ಇತ್ತು."

"ಬಿಚ್ಚು ಇದನ್ನ."

"ಹಸಿ ಐತೆ ಸಾಮಿ. ಈಗ ಬಿಚ್ಚಿದ್ರೆ ಮುದ್ದೆ ಆಗ್ತದೆ. ಬಿಸಿಲೇರಲಿ, ನಾನೇ ಬಿಚ್ತೀನಿ."

ಚಂದ್ರಶೇಖರರು ಸಿಟ್ಟಿನಿಂದಲೇ ಬಗ್ಗಿ ನೋಡಿದರು. ಬಿಗಿದ ಹಾಸು ಗೂಟದಿಂದ ಗೂಟಕ್ಕೆ ಬಾಣದಂತೆ ನೆಟ್ಟಗಿತ್ತು. ನಗು ತಡೆಯಲಾಗಲಿಲ್ಲ. "ಇದರ ನೇರಕ್ಕೇ ಸುಣ್ಣ ಹಾಕ್ರೋ" ಎಂದು ಆಳುಗಳಿಗೆ ಹೇಳಿ, ಒಣಗುವವರೆಗೆ ಜಗಲಿಯ ಮೇಲೆ ಕುಳಿತರು. ಸಣ್ಣತಿಮ್ಮಪ್ಪ ಸುಮ್ಮನಿರುವುದುಂಟೆ?

"ಚರಂಡಿ ಅಗಲ ಎಷ್ಟಿರ್ತದೆ ಸಾಮಿ?"

"ಒಂದು ಮೊಳದ ಮೇಲೆ ಸ್ವಲ್ಪ."

"ಅದರ ಮೇಲೆ ಲಾರಿ ಬರಲ್ಲ ತಾನೇ?"

"ಬಂದ್ರೆ ನನ್ನ ಕೆಲಸ ಹೋಗುತ್ತೆ."

ಸಣ್ಣತಿಮ್ಮಪ್ಪ ಹಾಸಿನ ಅಗಲವನ್ನೊಮ್ಮೆ, ಗೆರೆಯನ್ನೊಮ್ಮೆ ನೋಡಿದನು. ಒಬ್ಬರು ಮನೆಯ ಕಡೆ, ಇನ್ನೊಬ್ಬರು ರಸ್ತೆಯ ಕಡೆ ನಿಂತರೆ ನಡುವೆ ಚರಂಡಿಯ ಮೇಲೆ ಹಾಸು ತೂಗಿ ನಿಲ್ಲದೇನು?

ಮಳೆಗಾಲಕ್ಕೆ ಮುಂಚೆ ಚರಂಡಿಯೂ ಮುಗಿಯಿತು, ಕಪ್ಪನೆಯ ಅಗಲ ರಸ್ತೆಯೂ ಆಯಿತು. ಗೂಟ ನೆಟ್ಟು ಚರಂಡಿಯ ಮೇಲೆ ಹಾಸು ಬಿಗಿಯಲು ಹೋದಾಗ ನಿಂಗಕ್ಕ ಗಂಜಿಯ ಕುಂಚ ಮುಟ್ಟಲೊಲ್ಲಳು. "ಊರವರ ಬಚ್ಚಲ ನೀರಿನ ಮೇಲೆ ಹಾಸಿದ ಕಂಬಳೀನ ಯಾರು ಹೊದಿತಾರೆ? ಕಂಬಳಿ ಕೊಳ್ಳೋ ಕುರಿ ಹಟ್ಟಿಯವರಿಗೆ ಗೊತ್ತಾದ್ರೆ ಈ ಕಡೆ ತಲೆ ಹಾಕಲ್ಲ." ಅವನು ಒಬ್ಬನೇ ಚರಂಡಿ ದಾಟಿ ದಾಟಿ ಬಳಿಯುತ್ತಿದ್ದನು.

ಆಗಲೇ ವರವು ಕಾವಲೆಂಬ ಹುಲ್ಲುಗಾವಲಿನ ಕಡೆಯ ಕುರಿಗಾಹಿ ಚಿಕ್ಕೀರಪ್ಪ ಬಂದನು. ಹಟ್ಟಿಯಲ್ಲಿ ಮಗಳ ಮದುವೆ. ಪೂಜೆಯ ಗದ್ದುಗೆಗೆ ಹಾಸಲು ಕರಿ ಕಂಬಳಿ ಬೇಕಿತ್ತು. ನಿಂಗಕ್ಕ ಸೆರಗು ಬಾಯಿಗಿಟ್ಟು ಒಳಗೆ ಸರಿದಳು. ಸಣ್ಣತಿಮ್ಮಪ್ಪನ ಕೈ ನಿಂತಿತು. ಚಿಕ್ಕೀರಪ್ಪ ಚರಂಡಿಯೊಳಗೆ ಇಣುಕಿದನು, ಹಾಸನ್ನು ಬೆರಳಿನಿಂದ ಮೀಟಿದನು.

"ಇದೇನು ಮಾವ, ಇಲ್ಲಿ?"

"ಬೀದಿ ಲಾರಿ ಪಾಲಾತು. ನಿನಗೆ ಬ್ಯಾಡ ಅನ್ಸಿದ್ರೆ ಬ್ಯಾಡ."

"ಕಂಬಳಿಗೆಲ್ಲಿಯ ಮೈಲಿಗೆ ಮಾವ? ಕುರಿ ಏನು ಮಡಿ ಉಟ್ಕೊಂಡು ಮೇಯ್ತದಾ?" ಎಂದು ನಕ್ಕು ಒಳಗೆ ಕೂಗಿದನು: "ಅತ್ತೇ, ಬಾ ಈಚೆ. ಗಂಜಿ ಒಣಗ್ತೈತೆ. ನಂಗೆ ಇದೇ ಹಾಸಿನ ಕಂಬಳಿ ಬೇಕು."

ನಿಂಗಕ್ಕ ಗೊಣಗುತ್ತಲೇ ಬಂದು ಕುಂಚ ಹಿಡಿದು ಮನೆಯ ಕಡೆಗೆ ನಿಂತಳು. ಮರುದಿನ ಬೆಳಗಾಗುವ ಮೊದಲೇ ಪಕ್ಕದ ಮನೆಯ ನೇಕಾರ ಹಾಲೇಶಪ್ಪ ತನ್ನ ನೂಲನ್ನು ಹೆಗಲಿಗೇರಿಸಿಕೊಂಡು ಬಂದು, ಚರಂಡಿಯಲ್ಲಿ ತನ್ನ ಸರದಿ ಯಾವಾಗ ಎಂದು ಜಗಳ ತೆಗೆದನು.