ಎರಡನೆಯ ಗೋಲ್‌ಕೀಪರ್

ನಂಜನಗೂಡಿನ ಹಾಸ್ಟೆಲ್‌ನಲ್ಲಿ ಓದುವಾಗ, ಉದ್ದ ಇದ್ದೇನೆ ಎನ್ನುವ ಒಂದೇ ಕಾರಣಕ್ಕೆ ಪಿ.ಟಿ. ಮೇಷ್ಟ್ರು ನನ್ನನ್ನು ಗೋಲಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಜಿಲ್ಲಾ ತಂಡ, ಯೂನಿವರ್ಸಿಟಿ ತಂಡ, ಕೊನೆಗೆ ಬೆಂಗಳೂರಿನ ಒಂದು ಕ್ಲಬ್. ಅದು ಮಹಿಳೆಯರ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮೇಲಿನ ದರ್ಜೆಯಲ್ಲಿ ಆಡುತ್ತಿತ್ತು. ನನ್ನನ್ನು ತೆಗೆದುಕೊಂಡದ್ದು ಎರಡನೆಯ ಗೋಲ್‌ಕೀಪರ್ ಆಗಿ.

ಮಿಕ್ಕವರನ್ನು ಪಂದ್ಯದ ನಡುವೆ ಬದಲಿಸುತ್ತಾರೆ. ಗೋಲ್‌ಕೀಪರನ್ನು ಏಟು ಬೀಳದ ಹೊರತು ಯಾರೂ ಬದಲಿಸುವುದಿಲ್ಲ. ಆಟ ಶುರುವಾಗುವ ಮುಂಚೆ ಮೊದಲನೆಯ ಕೀಪರಿನ ಮೈ ಬಿಸಿಯಾಗುವವರೆಗೆ ನಾನು ಚೆಂಡು ಒದೆಯುತ್ತಿದ್ದೆ. ಆಮೇಲೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ರೈಲು, ಬಸ್ಸು, ಮತ್ತೆ ರೈಲು. ದೇಶದ ಅಷ್ಟೊಂದು ಊರುಗಳಿಗೆ ಹೋಗಿಬಂದರೂ ನಾನು ಕಂಡದ್ದು ಹೋಟೆಲ್ ಕೋಣೆ, ಮೈದಾನ, ಇಷ್ಟೇ. ಆಡದೆಯೇ ಅಷ್ಟು ಸುಸ್ತಾಗುತ್ತದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ನಮ್ಮೂರು ಹೆಮ್ಮಿಗೆಯಲ್ಲಿ ಅಪ್ಪ ಡೇರಿಗೆ ಹಾಲು ಹಾಕಿ ಬಂದು ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದ. ಮುಗಿದ ಮೇಲೆ ಫೋನು ಬರುತ್ತಿತ್ತು.

"ಇವತ್ತೂ ಕಾಣ್ನಿಲ್ವಲ್ಲವ್ವ ನೀನು?"

"ಬೆಂಚಲ್ಲಿದ್ದೆ ಕಣಪ್ಪ."

"ಆ ಕ್ಯಾಮ್ರಾದೋನು ಅತ್ಲಾಗ್ ತಿರುಗ್ಸೋದೇ ಇಲ್ಲ ಕಣವ್ವ."

ಲೀಗು ಅರ್ಧ ಮುಗಿದಿತ್ತು. ಒಂದು ಮಧ್ಯಾಹ್ನ ಎದುರು ತಂಡದ ಕಾರ್ನರ್ ಕಿಕ್ ಹಿಡಿಯಲು ಹಾರಿದ ನಮ್ಮ ಮೊದಲನೆಯ ಕೀಪರ್ ಭುಜದ ಮೇಲೆ ಬಿದ್ದಳು, ಏಳಲಿಲ್ಲ. ಮಣಿಪುರದವಳು, ನನಗಿಂತ ದೊಡ್ಡವಳು. ನನ್ನನ್ನು ತಂಗಿ ಅಂತಲೇ ಕರೆಯುತ್ತಿದ್ದಳು. ಕೋಚ್ ನನ್ನ ಕಡೆ ತಿರುಗಿ "ಗ್ಲೌಸ್ ಹಾಕ್ಕೊ" ಅಂದರು. ತಿಂಗಳುಗಟ್ಟಲೆ ಕಾದಿದ್ದ ಗಳಿಗೆ ಅವಳ ಚೀರಾಟದೊಂದಿಗೆ ಬಂದಿತ್ತು. ಸ್ಟ್ರೆಚರ್ ಮೇಲಿಂದಲೇ ಅವಳು ಹಿಂದಿಯಲ್ಲಿ, "ಗೋಲಿನ ಗೆರೆ ಮೇಲೇ ನಿಂತಿರಬೇಡ ತಂಗಿ, ಮುಂದೆ ಬಾ" ಅಂದಳು. ನಾನು ಗೆರೆಯ ಮೇಲೇ ನಿಂತೆ. ನಾಲ್ಕು ಗೋಲು ಬಿದ್ದವು.

ಉಳಿದ ಪಂದ್ಯಗಳೆಲ್ಲ ನನ್ನ ಪಾಲಿಗೆ ಬಂದವು. ಒಂದರಲ್ಲಿ ಪೆನಾಲ್ಟಿ ಹಿಡಿದೆ, ಆ ಪಂದ್ಯ ಗೆದ್ದೆವು.

"ಕಂಡೆ ಕಣವ್ವಾ! ಡೇರಿ ತಾವ ಎಲ್ರೂ ನೋಡುದ್ರು!" ಎಂದು ಅಪ್ಪ ಫೋನಿನಲ್ಲಿ ಕೂಗಿದ. ಕಿವಿಗೆ ಫೋನು ಹಿಡಿಯಲೂ ನನ್ನ ಬೆರಳುಗಳನ್ನು ಮಡಚಲಾಗುತ್ತಿರಲಿಲ್ಲ, ಅಷ್ಟು ಊದಿದ್ದವು.

ಕೊನೆಯ ಪಂದ್ಯ ಗೆದ್ದಿದ್ದರೆ ಮೇಲಿನ ದರ್ಜೆಯಲ್ಲಿ ಉಳಿಯುತ್ತಿದ್ದೆವು. ಡ್ರಾ ಆಯಿತು. ಕೆಳಗಿನ ದರ್ಜೆಗೆ ಬಿದ್ದೆವು. ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಅಳಲಿಲ್ಲ. ಶೂ ಬಿಚ್ಚಿ ಕೂತಿದ್ದೆವು. ಕೋಚ್ ಬಾಗಿಲಲ್ಲಿ ನಿಂತು, "ಬಸ್ ಬಂದಿದೆ, ಹತ್ತಿ" ಅಂದರು.

ಊರಿಗೆ ಬಂದವಳು ಉಣ್ಣುವುದಕ್ಕೆ ಬಿಟ್ಟರೆ ಏಳುತ್ತಿರಲಿಲ್ಲ. ಅವ್ವ ಹರಳೆಣ್ಣೆ ಬಿಸಿಮಾಡಿ ಬೆರಳು ನೀವುತ್ತಿದ್ದಳು.

"ಯಾಕವ್ವ ಇದು ಇಂಗೆ ಸೊಟ್ಟಗಾಗದೆ?"

"ಚೆಂಡು ತಗುಲಿ."

"ಆಟಕ್ಕೆ ಇಷ್ಟೊಂದಾ?" ಅಂದಳು. ನಾನು ಇನ್ನೊಂದು ಕೈ ಚಾಚಿದೆ.

ಆಮೇಲೆ ನಂಜನಗೂಡಿನ ಹತ್ತಿರದ ತಾಂಡ್ಯದ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿಗೆ ಸೇರಿದೆ. ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಒಂದು ಸಂಜೆ ಮಣಿಪುರದಿಂದ ನಮ್ಮ ಮೊದಲನೆಯ ಕೀಪರಿನ ಫೋನು ಬಂತು. ಅವಳ ಭುಜ ವಾಸಿಯಾಗಿತ್ತು. ಮೇಲಿನ ದರ್ಜೆಯ ಇನ್ನೊಂದು ಕ್ಲಬ್ಬು ಅವಳನ್ನು ಕರೆದಿತ್ತು.

"ಎರಡನೆಯ ಕೀಪರ್ ಬೇಕಂತೆ. ನಿನ್ನ ವಿಷಯ ಹೇಳಿದ್ದೀನಿ. ಬಾ."

"ಈಗಷ್ಟೇ ಫ್ಯಾಕ್ಟರಿಯಿಂದ ಬಂದೆ" ಅಂದೆ.

"ಸುಸ್ತಾಗಿದ್ದೀಯಾ ತಂಗಿ?"

"ಹೂಂ ದೀದಿ."

"ನನಗೂ" ಅಂದು ಅವಳು ನಕ್ಕಳು. ಆದರೂ ಅವಳು ಹೋಗುವವಳಿದ್ದಳು. ನಾನು ಬರುವುದಿಲ್ಲ ಅಂದೆ. ಅವಳು ಒತ್ತಾಯ ಮಾಡಲಿಲ್ಲ.

ಜಗಲಿಯಲ್ಲಿ ಕೂತಿದ್ದ ಅಪ್ಪನಿಗೆ ಕೇಳಿಸಿತ್ತು. "ಬ್ಯಾಡ ಅಂದ್ಬುಟ್ಯಾ?"

"ಅಂದೆ ಕಣಪ್ಪ."

ಅವನಿಗೆ ಬೇಜಾರಾಗಿತ್ತು, ಮುಚ್ಚಿಡಲು ಬರುವುದಿಲ್ಲ. "ಆಯ್ತು ಬುಡು. ನಿಂಗ್ ಗೊತ್ತಿರೋದು ನಮ್ಗೇನ್ ಗೊತ್ತು" ಅಂದು ಹಸುವಿಗೆ ಹುಲ್ಲು ಹಾಕಲು ಎದ್ದುಹೋದ. ಮರುದಿನ ನನಗೆ ಮೊದಲ ಪಾಳಿ ಇತ್ತು. ಯೂನಿಫಾರ್ಮು ಮಡಚಿಟ್ಟು ಬೇಗ ಮಲಗಿದೆ.