ಮುದ್ದೆ ಅಗಿದವರ ನಡುವೆ

ನಮ್ಮ ಹೋಟೆಲಿನಲ್ಲಿ ಉಂಡೆದ್ದವರು ಬೆಲ್ಟು ಒಂದು ತೂತು ಸಡಿಲ ಮಾಡಿಕೊಳ್ಳದೆ ಬಾಗಿಲು ದಾಟಿದ್ದನ್ನು ನಾನು ನೋಡಿಲ್ಲ. ಇದು ಜಂಬದ ಮಾತು ಅನ್ನುತ್ತಾಳೆ ನನ್ನ ಹೆಂಡತಿ. ಜಂಬವೇ ಇರಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕಂಡವರ ಹೋಟೆಲಿನಲ್ಲಿ ತಟ್ಟೆ ತೊಳೆದು, ಕೊನೆಗೆ ಕುಮಾರಸ್ವಾಮಿ ಲೇಔಟಿನಲ್ಲಿ ಸ್ವಂತದ್ದೊಂದು ಮುದ್ದೆ ಊಟದ ಹೋಟೆಲು ಇಟ್ಟವನಿಗೆ ಅಷ್ಟೂ ಜಂಬ ಇಲ್ಲದಿದ್ದರೆ ಹೇಗೆ?

ನಾನು ಬಡಿಸುವ ರೀತಿಯೇ ಬೇರೆ. ಗಿರಾಕಿ ಸಾಕು ಅನ್ನುವ ಮೊದಲು ಹಾಕಬೇಕು. ಸಾಕು ಅಂದ ಮೇಲೆ ಇನ್ನೊಂದು ಸೌಟು ಹಾಕಬೇಕು. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬಿಡಬೇಕು. ಉಪಚಾರ ಅಂದರೆ ಅದು. ನಮ್ಮ ಜನ ಬಾಯಲ್ಲಿ ಬೇಡ ಅನ್ನುವುದು ಮರ್ಯಾದೆಗೆ. ಅದನ್ನು ನಂಬಿ ಮುಂದೆ ಹೋಗುವವನು ಬಡಿಸುವವನೇ ಅಲ್ಲ.

ಇಂಥ ನನ್ನ ಕೈಯಲ್ಲಿ ನನ್ನ ಅಪ್ಪ ಊಟ ಬಿಟ್ಟ.

ಇಟ್ಟಮಡು ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಸೊಪ್ಪು ಬೆಳೆದು, ಸೈಕಲಿನ ಮೇಲೆ ಮಾರುಕಟ್ಟೆಗೆ ಹಾಕುತ್ತಿದ್ದ ಮನುಷ್ಯ. ಎರಡು ಮುದ್ದೆ ಇಳಿಸಿ ಮೂರನೆಯದರ ಕಡೆ ನೋಡುತ್ತಿದ್ದವನು. ಸ್ಟ್ರೋಕ್ ಹೊಡೆದು ಬಲಗೈ ಹೋಯಿತು, ನಾಲಿಗೆ ತೊದಲಿತು, ನುಂಗುವುದು ಕಷ್ಟವಾಯಿತು. ಮುದ್ದೆ ಮುಟ್ಟಬಾರದು, ಗಟ್ಟಿಯೂ ಅಲ್ಲದ, ನೀರೂ ಅಲ್ಲದ ರಾಗಿ ಗಂಜಿಯನ್ನು ಕೂರಿಸಿಕೊಂಡು ನಿಧಾನವಾಗಿ ಕೊಡಿ ಎಂದರು ಡಾಕ್ಟರು. ಅಪ್ಪ ನಾಲ್ಕು ಚಮಚಕ್ಕೆ ಬಾಯಿ ಮುಚ್ಚುತ್ತಿದ್ದ. ದಿನದಿನಕ್ಕೆ ಸೊರಗಿದ. ಮತ್ತೆ ತೋರಿಸಲು ಹೋದಾಗ ಡಾಕ್ಟರು ತೂಕ ನೋಡಿ ತಲೆಯಾಡಿಸಿದರು.

"ಹೀಗೇ ಇಳೀತಾ ಹೋದ್ರೆ ಮೂಗಿಗೆ ಟ್ಯೂಬ್ ಹಾಕ್ಬೇಕಾಗುತ್ತೆ. ಮುಂದಿನ್ ತಿಂಗಳು ಕರ್ಕೊಂಡ್ ಬನ್ನಿ, ನೋಡೋಣ."

ಪಕ್ಕದಲ್ಲಿ ಕೂತಿದ್ದ ಅಪ್ಪ ಎಡಗೈಯಿಂದ ಮೂಗು ಮುಚ್ಚಿಕೊಂಡ.

ಊರಿಗೆ ಊಟ ಹಾಕುವವನ ಅಪ್ಪನಿಗೆ ಮೂಗಿನಲ್ಲಿ ಊಟ. ನನ್ನ ನಿದ್ದೆ ಹಾರಿಹೋಯಿತು. ಹಟ ಹಿಡಿದು ಗಂಜಿ ಬಟ್ಟಲು ನಾನೇ ಹಿಡಿದೆ. ಒಂದು ಕೈಯಲ್ಲಿ ಚಮಚ, ಹೆಗಲಿಗೂ ಕಿವಿಗೂ ನಡುವೆ ಫೋನು, ಎದುರಿಗೆ ಟೀವಿ.

"ಅಪ್ಪಾ, ಇನ್ನೊಂದೇ ಒಂದು. ಆ ಅನ್ನು. ಸೊಸೆ ಎಷ್ಟು ಆಸೆಯಿಂದ ಮಾಡವ್ಳೆ ನೋಡು. ಬೇಡ್ವಾ? ಊರೋರೆಲ್ಲ ನನ್ ಕೈ ಊಟಕ್ಕೆ ಕ್ಯೂ ನಿಲ್ತಾರೆ, ನಿನಗೆ ಗಂಜಿ ಆಗಲ್ವಾ? ಹಲೋ, ರಾಗಿ ಹಿಟ್ಟು ನೈಸಾಗಿರ್ಲಿ ಅಂತ ಹೇಳಿದ್ನಲ್ಲ ಗುರು. ಅಪ್ಪಾ, ಆ ಅನ್ನು."

ಅಪ್ಪನಿಗೆ ಕೆಮ್ಮು ಬಂದು ಗಂಜಿಯೆಲ್ಲ ನನ್ನ ಶರಟಿನ ಮೇಲೆ ಬಿತ್ತು. ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ರೀ, ಊಟ ಮಾಡಿಸ್ತಿದ್ದೀರೋ, ಎಲೆಕ್ಷನ್ ಪ್ರಚಾರ ಮಾಡ್ತಿದ್ದೀರೋ?"

ಆ ವಾರವೇ ಜಯನಗರದಿಂದ ಒಬ್ಬ ಮೇಡಂ ಹೋಟೆಲಿಗೆ ಬಂದರು. ಬ್ಯಾಂಕಿನಿಂದ ರಿಟೈರಾದವರು. ಅವರ ಮನೆಯ ಮಹಡಿಯಲ್ಲಿ ಭಾನುವಾರ ಒಂದಷ್ಟು ಜನ ಸೇರಿ ಝೆನ್ ಧ್ಯಾನ ಮಾಡುತ್ತಾರಂತೆ, ಮಧ್ಯಾಹ್ನಕ್ಕೆ ನಮ್ಮ ಕಡೆಯ ಸರಳ ಊಟ ಬೇಕಂತೆ.

"ನಾವು ಮಾತಾಡ್ದೆ ಊಟ ಮಾಡ್ತೀವಿ. ಪ್ರತಿ ತುತ್ತನ್ನೂ ಗಮನ ಇಟ್ಟು ತಿಂತೀವಿ" ಎಂದರು.

"ಗಮನಕ್ಕೆ ಬರೋ ಅಂಥ ಸಾರೇ ಮಾಡ್ತೀನಿ ಮೇಡಂ" ಅಂದೆ.

ಭಾನುವಾರ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಹೊತ್ತುಕೊಂಡು ಮಹಡಿ ಹತ್ತಿ ನೋಡಿದರೆ, ಎಲ್ಲರೂ ಗೋಡೆಗೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮೇಷ್ಟರು ಗೋಡೆ ಕಡೆ ಮುಖ ಮಾಡಿ ನಿಲ್ಲಿಸುತ್ತಾರೆ ಅಂತಲೇ ನಾನು ಶಾಲೆ ಬಿಟ್ಟದ್ದು. ಇಲ್ಲಿ ದೊಡ್ಡ ದೊಡ್ಡ ಡಿಗ್ರಿ ಮಾಡಿದವರು ರಜದ ದಿನ ತಾವಾಗಿ ಬಂದು ಗೋಡೆ ನೋಡುತ್ತಿದ್ದರು.

ಗಂಟೆ ಹೊಡೆಯಿತು. ತಿರುಗಿ ಕೂತರು. ಅವರವರೇ ಬಡಿಸಿಕೊಂಡರು. ಒಬ್ಬೊಬ್ಬರೂ ಬಿಸಿ ಮುದ್ದೆಯನ್ನು ಒಂದಿಷ್ಟು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ಅಗಿಯತೊಡಗಿದರು.

ಮುದ್ದೆಯನ್ನು ಅಗಿಯುವುದು. ನಮ್ಮ ಮನೆಗಳಲ್ಲಿ ಹಾಲು ಬಿಟ್ಟ ಕೂಸಿಗೂ ಗೊತ್ತು, ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿದರೆ ಅದು ಹಲ್ಲು ಬಿಡುವುದಿಲ್ಲ. ಗಡ್ಡದ ಹುಡುಗನೊಬ್ಬನ ದವಡೆ ಗಾಣದ ಹಾಗೆ ಸುತ್ತುತ್ತಿತ್ತು. ಹಿರಿಯರೊಬ್ಬರ ಕಟ್ಟಿಸಿದ ಹಲ್ಲು ಮುದ್ದೆಯ ಜೊತೆಗೇ ಹೊರಟಿತು. ಅವರು ಅಂಗೈ ಅಡ್ಡ ಹಿಡಿದು ಅದನ್ನು ಒಳಗೆ ತಳ್ಳುತ್ತಿದ್ದರು. ಮಾತಾಡುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಬ್ಬರಂತೂ ಮಂಡ್ಯದವರು, ಆಮೇಲೆ ಗೊತ್ತಾಯಿತು. ನಿಯಮ ಮುರಿಯಬಾರದು ಅಂತ ಅವರೂ ಅಗಿಯುತ್ತಿದ್ದರು.

ಬಾಗಿಲ ಹತ್ತಿರ ನಿಂತಿದ್ದ ನನಗೆ ತಡೆಯಲಾಗಲಿಲ್ಲ.

"ನುಂಗಿ ಸಾರ್" ಅಂದೆ. ನನ್ನದು ಹೋಟೆಲಿನ ಗಂಟಲು. "ಅಗೀಬೇಡಿ. ಸಾರಲ್ಲಿ ಅದ್ದಿ, ಹಿಂಗೆ, ಗುಳುಂ ಅಂತ ಬಿಟ್ಬಿಡಿ."

ಗಂಟಲು ಎತ್ತಿ ತೋರಿಸಿಯೂ ಬಿಟ್ಟೆ. ಮಂಡ್ಯದವರ ಮೂಗಿನಿಂದ ಮೊದಲು ನಗು ಹೊರಟಿತು. ಆಮೇಲೆ ಇಡೀ ಮಹಡಿಯೇ ನಕ್ಕಿತು. ಮೇಡಂ ತುಟಿ ಬಿಗಿ ಹಿಡಿದು ಗಂಟೆ ಹೊಡೆದರು. ಎರಡನೇ ಸಲ ಹೊಡೆಯುವಾಗ ಅವರ ಕೈಯೂ ನಗುತ್ತಿತ್ತು.

ಪಾತ್ರೆ ಎತ್ತಿಕೊಳ್ಳುವಾಗ ಬಂದು ಹೇಳಿದರು: "ಮುಂದಿನ್ ವಾರ ನೀವೇ ಬಡ್ಸಿ. ಆದ್ರೆ ಮಾತಿಲ್ಲ."

"ಮಾತಿಲ್ದೆ ಹೆಂಗ್ ಬಡ್ಸೋದು ಮೇಡಂ? ಬೇಕಾ ಸಾಕಾ ಕೇಳ್ಬೇಕಲ್ಲ?"

"ಕೈ ನೋಡಿ. ಸಾಕಾದ್ರೆ ಕೈ ಎತ್ತುತ್ತಾರೆ."

"ಕೈ ಎತ್ತಿದ್ ಮೇಲೇ ಅಲ್ವಾ ಮೇಡಂ ನಮ್ ಕೆಲ್ಸ ಶುರುವಾಗೋದು."

ಮುಂದಿನ ವಾರ ಬಡಿಸಲು ನಿಂತೆ. ಒಬ್ಬೊಬ್ಬರ ಮುಂದೆಯೂ ಕೈ ಮುಗಿಯಬೇಕು, ಅವರೂ ಮುಗಿಯುತ್ತಾರೆ, ಆಮೇಲೆ ಬಡಿಸಬೇಕು. ಮೊದಲನೆಯವನೇ ಗಡ್ಡದ ಹುಡುಗ. ಒಂದು ಸೌಟಿಗೆ ಕೈ ಎತ್ತಿದ. ನಾನು ವಾಡಿಕೆಯಂತೆ ಬೆರಳ ಸಂದಿಯಿಂದ ಬಿಟ್ಟೆ. ಸಾರು ಬಿಸಿಯಿತ್ತು. ಅವನು ಕಿರುಚಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನನಗೇ ಕೈ ಮುಗಿದ. ಅವನು ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಮೇಡಂ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಕೈ ಕಾಣ್ಲಿಲ್ವಾ?"

"ಕಾಣ್ತು ಮೇಡಂ."

"ಮತ್ತೆ?"

"ಸುಮ್ನೆ ಎತ್ತವ್ನೆ ಅಂದ್ಕೊಂಡೆ."

ಅವರು ಹೋಗಿ ಕೂತರು. ಆಮೇಲೆ ನಾನು ಹೆದರಿ ಹೆದರಿ ಬಡಿಸಿದೆ. ಬಾಯಿ ಕಟ್ಟಿಹಾಕಿದ್ದರಿಂದ ಕಣ್ಣಿಗೆ ಕೆಲಸ ಬಂತು. ಇಷ್ಟು ವರ್ಷ ಎಲೆ ನೋಡಿದ್ದೆ, ಖಾಲಿಯೋ ತುಂಬಿದೆಯೋ ಅಂತ. ಕೈ ನೋಡಿರಲಿಲ್ಲ. ಒಂದು ಕೈ ಪಟ್ಟನೆ ಏಳುತ್ತದೆ. ಒಂದು ಅರ್ಧ ಎದ್ದು ಯೋಚನೆ ಮಾಡುತ್ತದೆ. ಕಟ್ಟಿಸಿದ ಹಲ್ಲಿನವರ ಕೈ ಹಾಗೇ ನಿಂತಿತು, ಬಾಯಲ್ಲಿದ್ದದ್ದು ಹೋಗಲಿ, ಆಮೇಲೆ ಹಾಕು ಅನ್ನುವ ಹಾಗೆ. ನಾನು ಸೌಟು ಹಿಡಿದು ಕಾದೆ. ಹೋಟೆಲಿನಲ್ಲಿ ಅಷ್ಟು ಹೊತ್ತಿಗೆ ಒಂದು ಸಾಲು ಉಂಡು ಏಳುತ್ತದೆ.

ಆ ದಿನ ಸಂಜೆ ಮನೆಯಲ್ಲಿ ಗಂಜಿ ಬಟ್ಟಲು ಹಿಡಿದು ಅಪ್ಪನ ಮುಂದೆ ಕೂತೆ. ನೋಡೇ ಬಿಡೋಣ ಅಂತ ಟೀವಿ ಆರಿಸಿ, ಫೋನನ್ನು ಅಡುಗೆಮನೆಯಲ್ಲಿಟ್ಟು ಬಂದಿದ್ದೆ. ಮಧ್ಯಾಹ್ನದ ರೂಢಿಯಲ್ಲಿ ಕೈ ತಾನಾಗಿ ಮುಗಿದುಕೊಂಡಿತು, ತಲೆಯೂ ಬಗ್ಗಿತು.

ಅಪ್ಪ ಕಣ್ಣರಳಿಸಿ ನನ್ನನ್ನು ನೋಡಿದ. ಆಮೇಲೆ ತೊದಲಿಕೊಂಡು, ಬಿಡಿಸಿ ಬಿಡಿಸಿ ಹೇಳಿದ: "ನಾನಿನ್ನೂ... ಹೋಗಿಲ್ಲ ಕಣೋ."

ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದಾಯಿತು. ಹೆಂಡತಿ ಗೋಡೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಮಾತಾಡಲಿಲ್ಲ. ಒಂದು ಚಮಚ ಕೊಟ್ಟೆ. ಎರಡನೆಯದು ತುಂಬಿಕೊಂಡು ಬಾಯಿಯ ಹತ್ತಿರ ಒಯ್ಯುವಾಗ, ತೊಡೆಯ ಮೇಲಿದ್ದ ಅಪ್ಪನ ಎಡಗೈಯ ತೋರುಬೆರಳು ಎದ್ದಿತು. ಒಂದು ಅಂಗುಲವೂ ಇರಲಿಕ್ಕಿಲ್ಲ. ನನ್ನ ಚಮಚ ತಾನಾಗಿ ನಿಂತಿತು. ಕಾದೆ. ಅಪ್ಪನ ಗಂಟಲು ಒಮ್ಮೆ ಹೊರಳಿತು, ಸುಮ್ಮನಾಯಿತು, ಇನ್ನೊಮ್ಮೆ ಹೊರಳಿತು. ಗಂಜಿ ಇಳಿಯಿತು. ಬೆರಳು ಕೆಳಗೆ ಬಂತು. ಬಾಯಿ ತೆರೆಯಿತು.

ಮೂರನೆಯ ಚಮಚಕ್ಕೂ ಹಾಗೇ. ನಾಲ್ಕನೆಯದಕ್ಕೂ ಹಾಗೇ. ಇರು, ಇನ್ನೂ ಹೋಗಿಲ್ಲ, ಈಗ ಕೊಡು. ಈ ಮನುಷ್ಯ ಇಷ್ಟು ದಿನವೂ ಇದನ್ನೇ ಹೇಳುತ್ತಿದ್ದನೇನೋ. ನಾನು ಬಾಯಿಯ ಮುಂದೆ ಚಮಚ ಹಿಡಿದು ಭಾಷಣ ಮಾಡುತ್ತಿದ್ದೆ. ಬಟ್ಟಲು ತಳ ಕಾಣುವ ಹೊತ್ತಿಗೆ ಗಂಜಿ ತಣ್ಣಗಾಗಿ ಕೆನೆ ಕಟ್ಟಿತ್ತು. ಹೆಂಡತಿ ಬಂದು ಬಟ್ಟಲಿನೊಳಗೆ ಬಗ್ಗಿ ನೋಡಿದಳು. ಬಟ್ಟಲನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

ಅಲ್ಲಿಂದ ಮುಂದೆ ಮಧ್ಯಾಹ್ನ ಹೋಟೆಲಿನಲ್ಲಿ ಜನ ತುಂಬಿರುವಾಗ ನಾನು ಮನೆಯಲ್ಲಿ ಚಮಚ ಹಿಡಿದು ಕೂತಿರುತ್ತಿದ್ದೆ. ನಾನಿಲ್ಲದೆ ಹೋಟೆಲು ಮುಳುಗುತ್ತದೆ ಅಂದುಕೊಂಡಿದ್ದೆ. ಮುಳುಗಲಿಲ್ಲ. ಅದು ಬೇರೆ ಒಂದು ಅವಮಾನ.

ತಿಂಗಳಾದ ಮೇಲೆ ಡಾಕ್ಟರು ಅಪ್ಪನನ್ನು ತೂಕ ಮಾಡಿ, ನಂಬದೆ ಇಳಿಸಿ, ಮತ್ತೆ ಹತ್ತಿಸಿದರು.

"ಪರ್ವಾಗಿಲ್ಲ. ಟ್ಯೂಬ್ ಬೇಡ. ಏನ್ ಮಾಡಿದ್ರಿ?"

"ಬಾಯಿ ಮುಚ್ಚಿದೆ ಸಾರ್."

"ಮುಚ್ಚಿದ್ರೆ ಅವ್ರು ತಿನ್ನೋದ್ ಹೇಗೆ?"

"ಅವ್ರದ್ದಲ್ಲ ಸಾರ್. ನಂದು."

ಅಪ್ಪ ಕೂತಲ್ಲೇ ಹೌದು ಹೌದು ಅಂತ ತಲೆಯಾಡಿಸಿದ. ಮಗನ ಬಗ್ಗೆ ಇಷ್ಟು ಜೋರಾಗಿ ಒಪ್ಪಿಗೆ ಅವನು ಯಾವತ್ತೂ ಕೊಟ್ಟಿರಲಿಲ್ಲ.

ಆ ಖುಷಿಯಲ್ಲಿ ಮನೆಗೆ ಬಂದರೆ ಹೊಸ ಕಷ್ಟ. ಗಂಜಿ ಮುಂದಿಟ್ಟಾಗ ಅಪ್ಪನ ಎಡಗೈ ಗಾಳಿಯಲ್ಲಿ ಏನನ್ನೋ ಮುರಿಯಿತು, ಎಲ್ಲೋ ಅದ್ದಿತು, ಬಾಯಿಯ ಕಡೆ ಹೋಯಿತು. ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮುದ್ದೆ ಕೇಳುತ್ತಿದ್ದಾನೆ. ಅದೊಂದನ್ನು ಕೊಡುವ ಹಾಗಿಲ್ಲ.

ಮೇಡಂಗೆ ಫೋನ್ ಮಾಡಿದೆ. "ಕೈ ನೋಡಿ ಬಡ್ಸಿ ಅಂದ್ರಿ. ನಮ್ಮಪ್ಪನ ಕೈಯೇ ಕೊಡಬಾರದ್ದನ್ನ ಕೇಳಿದ್ರೆ ಏನ್ ಮಾಡೋದು?"

ಆ ಕಡೆ ಮೌನ. ಇದೂ ಧ್ಯಾನವೋ, ಸಿಗ್ನಲ್ ಹೋಯಿತೋ ಅಂತ ಅನುಮಾನ ಬಂತು.

"ನಂಗೂ ಗೊತ್ತಿಲ್ಲ" ಎಂದರು ಕೊನೆಗೆ. "ಕೇಳಿದ್ದು ಕಾಣ್ತು ಅಂತಾದ್ರೂ ಅವ್ರಿಗೆ ತಿಳೀಲಿ."

ಅವತ್ತು ಬಸ್ಸಾರಿನ ತಿಳಿಯನ್ನು ನುಣ್ಣಗೆ ಸೋಸಿ, ಖಾರ ತಗ್ಗಿಸಿ, ಗಂಜಿಗೆ ಒಂದಿಷ್ಟು ಬೆರೆಸಿದೆ. ಮೊದಲ ಚಮಚ ಬಾಯಿಗೆ ಹೋದದ್ದೇ ಅಪ್ಪ ನನ್ನ ಮುಖ ನೋಡಿದ. ಬೆರಳು ಎದ್ದಿತು. ಗಂಟಲು ಹೊರಳಿತು, ಇಳಿಯಿತು. ಬೆರಳು ಮಾತ್ರ ಕೆಳಗೆ ಬರಲಿಲ್ಲ. ರುಚಿ ಇನ್ನೂ ನಾಲಿಗೆಯ ಮೇಲೆ ಇದ್ದಿರಬೇಕು.

ಚಮಚ ಹಿಡಿದುಕೊಂಡೇ ಕೂತೆ. ಅಡುಗೆಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಗಂಜಿ ಆರುತ್ತಿತ್ತು. ಆರಲಿ ಅಂದುಕೊಂಡೆ.